ಸೆಂಟರ್ ಟ್ಯಾಪನ್ನು ‘ಬಾಡಿಗೆ’ ಕೊಡಬೇಡಿ!

ಸಿಟ್ಟು ಬಂದಾಗ ಮಾತ್ರ ಇವರಿಗೆ ಬ್ಲಾಗ್ ನೆನಪಾಗುತ್ತದೆ ಅಂತ ನನ್ನವಳು ಆಡಿಕೊಳ್ಳುತ್ತಾಳೆ. ಹೌದು, ಈ ಸಲವೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಓದಿ ಮುಗಿಸುವಷ್ಟರಲ್ಲಿ ನಿಮಗೂ ಸ್ವಲ್ಪ ಸಿಟ್ಟು ಬಂದರೆ ನನ್ನ ಕೆಲಸ ಆಯಿತು.

ಧಾರವಾಡ ಬಿಟ್ಟು ಪುಣೆಗೆ ಬಂದು ಮೂವತ್ತೊಂದು ವರ್ಷ. ಕಾತ್ರಜದಲ್ಲಿ ಮನೆ ಮಾಡಿ ಇಪ್ಪತ್ತಮೂರು. ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸ ಮಾಡಿ ರಿಟೈರ್ ಆದವನು ನಾನು. ಅದಕ್ಕೂ ಮೊದಲು, ಚಡ್ಡಿ ಹಾಕುವ ವಯಸ್ಸಿನಲ್ಲಿ, ನಮ್ಮ ಕಾಕಾನ ರೇಡಿಯೋ ಅಂಗಡಿಯಲ್ಲಿ ಸೋಲ್ಡರ್ ಹೊಗೆ ಕುಡಿದು ಬೆಳೆದವನು. ಆಗ ವಾಲ್ವ್ ರೇಡಿಯೋಗಳ ಕೊನೆಗಾಲ. ಕಾಕಾ ಮೊದಲು ಕಲಿಸಿದ ಪಾಠ ಓಮನ ನಿಯಮವಲ್ಲ. “ಸೆಟ್ ತೆಗದಾಗ ಒಂದು ಕೈ ಕಿಸೇದಾಗ ಇರಲಿ” ಅನ್ನುವುದು. ಎರಡೂ ಕೈ ಒಳಗೆ ಹೋದರೆ ಕರೆಂಟಿಗೆ ಎದೆಯ ಮೂಲಕ ದಾರಿ ಸಿಗುತ್ತದೆ, ಅದಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಕ್ಕನ ಮಗ ಇಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಗಿಟಾರಿನ ಹುಚ್ಚು. ನಾಲ್ಕು ಜನ ಹುಡುಗರು ದುಡ್ಡು ಕೂಡಿಸಿ ಯಾರೋ ಕೈಯಿಂದ ಕಟ್ಟಿದ ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದಾರೆ. ಹೋದ ಭಾನುವಾರ ಊಟಕ್ಕೆ ಬಂದವನು ಹೋಳಿಗೆ ಮುರಿಯುತ್ತಾ ಆರಾಮಾಗಿ ಹೇಳಿದ.

“ಮಾಮಾ, ಆಂಪ್ ಬಾಳ ಗುಂಯ್ ಅಂತಿತ್ತು. ರಿಪೇರಿ ಮಾಡಿಸಿದ್ವಿ. ಅರ್ಧ ಕಡಿಮಿ ಆತು.”

“ಉಳಿದರ್ಧ?”

“ವಾಲ್ವ್ ಸೆಟ್ ಅಂದಮ್ಯಾಲೆ ಅಷ್ಟು ಇರತೈತಿ ಅಂದ್ರು. ಆದ್ರ ಈಗ ಒಂದು ಹೊಸಾದು ಶುರು ಆಗೇತ್ರಿ. ಗಿಟಾರ್ ಹಿಡಕೊಂಡು ಮೈಕಿಗೆ ತುಟಿ ಹತ್ತಿತಂದ್ರ ಚುರ್ ಅಂತೈತಿ.”

ಅವನು ನಗುತ್ತಿದ್ದ. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಸಂಜೆ ಆ ಸೆಟ್ಟನ್ನು ಮನೆಗೆ ತರಿಸಿದೆ. ಮೊದಲು ಕಂಡಿದ್ದು ಪ್ಲಗ್. ಮೂರು ಪಿನ್ನಿನದನ್ನು ಕಿತ್ತು ಎರಡು ಪಿನ್ನಿನದು ಹಾಕಿದ್ದರು. ಹಸಿರು ವೈರನ್ನು ಚೊಕ್ಕವಾಗಿ ಕತ್ತರಿಸಿ ಮೇಲೆ ಟೇಪು ಸುತ್ತಿದ್ದರು. ಇದೇ ಅವರ ‘ರಿಪೇರಿ’. ಇದಕ್ಕೆ ಎಂಟುನೂರು ರೂಪಾಯಿ. ಯಾವ ಅಂಗಡಿ ಅಂತ ಕೇಳಬೇಡಿ, ಹೇಳುವುದಿಲ್ಲ. ಒಂದು ಅಂಗಡಿಯ ತಪ್ಪಾಗಿದ್ದರೆ ಇಷ್ಟುದ್ದ ಬರೆಯುತ್ತಲೂ ಇರಲಿಲ್ಲ.

ಚಾಸಿ ತಿರುಗಿಸಿ ನೋಡಿದೆ. ಪವರ್ ಟ್ರಾನ್ಸ್‌ಫಾರ್ಮರಿನ ಎಚ್‌ಟಿ ಸೆಂಟರ್ ಟ್ಯಾಪ್ ವೈರನ್ನು ಟ್ರಾನ್ಸ್‌ಫಾರ್ಮರ್ ಕೂರಿಸಿದ ಬೋಲ್ಟಿಗೇ ಸುತ್ತಿ ಬಿಗಿದಿದ್ದರು. ಕೆಳಗೆ ಬಣ್ಣ ಕೂಡ ಕೆರೆದಿರಲಿಲ್ಲ. ಮೊದಲನೇ ಫಿಲ್ಟರ್ ಕಂಡೆನ್ಸರಿನ ಮೈನಸ್ ಎಲ್ಲಿದೆ ಅಂತ ಹುಡುಕಿದರೆ, ಅದು ಚಾಸಿಯ ಇನ್ನೊಂದು ತುದಿಯಲ್ಲಿ, ಗಿಟಾರ್ ಚುಚ್ಚುವ ಜ್ಯಾಕಿನ ಪಕ್ಕದ ಟ್ಯಾಗಿನಲ್ಲಿ! ಉಳಿದ ಆ ‘ಅರ್ಧ’ ಗುಂಯ್ ಎಲ್ಲಿಂದ ಬರುತ್ತಿದೆ ಅಂತ ಕೇಳಿಸಿಕೊಳ್ಳುವ ಮೊದಲೇ ಕಣ್ಣಿಗೆ ಕಂಡಿತು.

ನನ್ನ ಜಗಳ ಇರುವುದು ಒಂದು ಶಬ್ದದ ಜೊತೆ. ನಮ್ಮ ರಿಪೇರಿ ಲೋಕದಲ್ಲಿ ಮೂರು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು. ಗೋಡೆಯ ಸಾಕೆಟ್ಟಿನಿಂದ ಬರುವ ಹಸಿರು ವೈರು ‘ಅರ್ಥ್’. ತಗಡಿನ ಚಾಸಿ ‘ಅರ್ಥ್’. ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪೂ ‘ಅರ್ಥ್’. ಧಾರವಾಡದಲ್ಲಿ ಹಾಗೇ ಕೇಳಿದ್ದೆ, ಇಲ್ಲಿ ತಾಪ್ಕೀರ್ ಗಲ್ಲಿಯ ಸುತ್ತಮುತ್ತಲೂ ಹಾಗೇ ಕೇಳುತ್ತೇನೆ. ಇನ್ನೂ ಸಲೀಸಾಗಿ ಹೇಳುವುದಾದರೆ “ಬಾಡಿಗೆ ಕೊಡು.” ಅಂದರೆ ಚಾಸಿಯ ಬಾಡಿಗೆ ಜೋಡಿಸು ಅಂತ. ಮನೆ ಬಾಡಿಗೆ ಕೊಟ್ಟ ಹಾಗೆ ಸೆಂಟರ್ ಟ್ಯಾಪನ್ನೂ ‘ಬಾಡಿಗೆ’ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಯಾರು ಬಂದು ಇರುತ್ತಾರೋ, ಒಳಗೆ ಏನು ಮಾಡುತ್ತಾರೋ ನೋಡುವ ಗೋಜಿಗೆ ಹೋಗುವುದಿಲ್ಲ.

ಸೆಂಟರ್ ಟ್ಯಾಪ್ ಅರ್ಥ್ ಅಲ್ಲ ಸ್ವಾಮಿ. ಅದು ಹೈ ವೋಲ್ಟೇಜ್ ಸಪ್ಲೈಯ ಮೈನಸ್ ತುದಿ. ಬ್ಯಾಟರಿಗೆ ಪ್ಲಸ್ ಎಷ್ಟು ಮುಖ್ಯವೋ ಮೈನಸ್ಸೂ ಅಷ್ಟೇ ಮುಖ್ಯ ಅಲ್ಲವೇ?

ಸ್ವಲ್ಪ ವಿವರವಾಗಿಯೇ ನೋಡೋಣ. 325-0-325 ವೋಲ್ಟಿನ ಒಂದು ಟ್ರಾನ್ಸ್‌ಫಾರ್ಮರ್ ಇದೆ ಅಂತಿಟ್ಟುಕೊಳ್ಳಿ. ಎರಡು ತುದಿಗಳು ಎರಡು ಡಯೋಡಿಗೆ, ಅಥವಾ ರೆಕ್ಟಿಫೈಯರ್ ವಾಲ್ವಿನ ಎರಡು ಆನೋಡಿಗೆ ಹೋಗುತ್ತವೆ. ನಡುವಿನ ಸೊನ್ನೆಯೇ ಸೆಂಟರ್ ಟ್ಯಾಪ್. ಒಂದು ಅರ್ಧ ಚಕ್ರದಲ್ಲಿ ಮೇಲಿನ ಸುತ್ತು ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಕೆಳಗಿನದು. ಯಾವ ಪಾಳಿಯೇ ಇರಲಿ, ಕರೆಂಟು ವಾಪಸು ಬರಬೇಕಾದದ್ದು ಈ ಒಂದೇ ವೈರಿನಲ್ಲಿ. ನಮ್ಮದು 50 ಹರ್ಟ್ಸ್ ಕರೆಂಟು, ಹಾಗಾಗಿ ಸೆಕೆಂಡಿಗೆ 100 ಸಲ.

ಇಲ್ಲೊಂದು ಸೂಕ್ಷ್ಮ ಇದೆ. ಆ ಕರೆಂಟು ಸಮನಾಗಿ ಹರಿಯುವುದಿಲ್ಲ. ಕಂಡೆನ್ಸರಿನಲ್ಲಿ ಇರುವುದಕ್ಕಿಂತ ವೈಂಡಿಂಗಿನ ವೋಲ್ಟೇಜ್ ಮೇಲೆ ಹೋದ ಆ ಸಣ್ಣ ಕ್ಷಣದಲ್ಲಿ ಮಾತ್ರ ಗಬಕ್ಕನೆ ನುಗ್ಗುತ್ತದೆ. ಆಂಪ್ಲಿಫೈಯರ್ ಸರಾಸರಿ 100 ಮಿಲಿಆಂಪಿಯರ್ ತಿನ್ನುತ್ತಿದ್ದರೆ ಈ ಹೊಡೆತದ ತುದಿ ಅರ್ಧ ಆಂಪಿಯರ್ ಮುಟ್ಟಬಹುದು. ಈ ಹೊಡೆತ ಸಾಗುವ ದಾರಿಯಲ್ಲಿ ಬಣ್ಣ ಮೆತ್ತಿದ ಬೋಲ್ಟು, ತುಕ್ಕು ಹಿಡಿದ ವಾಶರ್, ಅರೆಬರೆ ಹತ್ತಿದ ಸೋಲ್ಡರ್ ಎಲ್ಲ ಸೇರಿ ಬರೀ 10 ಮಿಲಿಓಮ್ ರೆಸಿಸ್ಟೆನ್ಸ್ ಇದ್ದರೂ ಸಾಕು, 5 ಮಿಲಿವೋಲ್ಟ್ ಅಲ್ಲಿ ಹುಟ್ಟಿತು. ಐದು ಮಿಲಿವೋಲ್ಟ್ ಏನು ಮಹಾ ಅನ್ನಬೇಡಿ. ಗಿಟಾರಿನ ತಂತಿ ಮೀಟಿ, ನಾದ ಕರಗುತ್ತಾ ಬಂದಾಗ ಪಿಕಪ್ಪಿನಿಂದ ಬರುವುದೂ ಹೆಚ್ಚುಕಮ್ಮಿ ಅಷ್ಟೇ. ಮೊದಲನೇ ಇಸಿಸಿ83 ವಾಲ್ವಿಗೆ ಇದು ತಂತಿಯದ್ದು, ಇದು ಬೋಲ್ಟಿನದ್ದು ಎಂಬ ಭೇದ ಗೊತ್ತಿಲ್ಲ. ಎರಡನ್ನೂ ಐವತ್ತು ಅರವತ್ತು ಪಟ್ಟು ಮಾಡಿ ಮುಂದೆ ದಾಟಿಸುತ್ತದೆ.

ಕಾತ್ರಜದಲ್ಲಿ ಕೂತು ಇದನ್ನು ಅರ್ಥ ಮಾಡಿಕೊಳ್ಳದಿದ್ದರೆ ಹೇಗೆ! ನಮ್ಮೂರಿನ ಕೆರೆ ಹದಿನೆಂಟನೇ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಆದದ್ದು. ಇಲ್ಲಿಂದ ನೆಲದೊಳಗಿನ ಕಾಲುವೆಯಲ್ಲಿ ನೀರು ಶನಿವಾರವಾಡೆಯ ತನಕ ಹೋಗುತ್ತಿತ್ತು. ಒಂದಲ್ಲ, ಎರಡು ಕೆರೆ. ಗುಡ್ಡದಿಂದ ನುಗ್ಗಿ ಬಂದ ಕೆಂಪು ನೀರು ಮೇಲಿನ ಕೆರೆಯಲ್ಲಿ ನಿಂತು ಹೂಳು ಇಳಿಸಬೇಕು, ತಿಳಿಯಾದದ್ದು ಕೆಳಗಿನ ಕೆರೆಗೆ ಬರಬೇಕು, ಕುಡಿಯುವ ನೀರು ಅಲ್ಲಿಂದ ಹೋಗಬೇಕು. ಮೊದಲನೇ ಫಿಲ್ಟರ್ ಕಂಡೆನ್ಸರ್ ಅಂದರೆ ಆ ಮೇಲಿನ ಕೆರೆ. ರೆಕ್ಟಿಫೈಯರ್, ಸೆಂಟರ್ ಟ್ಯಾಪ್, ಮೊದಲ ಕಂಡೆನ್ಸರ್ ಈ ಮೂವರ ಗಲಾಟೆ ಅವರವರಲ್ಲೇ ಮುಗಿಯಬೇಕು. ಸೆಂಟರ್ ಟ್ಯಾಪನ್ನು ನೇರವಾಗಿ ಮೊದಲ ಕಂಡೆನ್ಸರಿನ ಮೈನಸ್ ಕಾಲಿಗೆ, ಹೌದು ಕಾಲಿಗೇ, ಸೋಲ್ಡರ್ ಮಾಡಿದರೆ ಆ ಹೂಳು ಅಲ್ಲೇ ಸುತ್ತಿ ಅಲ್ಲೇ ಇಳಿಯುತ್ತದೆ. ಆ ಕಾಲಿನಿಂದ ಮುಂದೆ ಹೋಗುವ ಬೇರೊಂದು ವೈರಿನಲ್ಲಿ ತಿಳಿ ನೀರು. ಅದು ಬಿಟ್ಟು ಸೆಂಟರ್ ಟ್ಯಾಪನ್ನು ಒಂದು ಮೂಲೆಯ ಬೋಲ್ಟಿಗೆ, ಕಂಡೆನ್ಸರನ್ನು ಇನ್ನೊಂದು ಮೂಲೆಯ ಟ್ಯಾಗಿಗೆ ಕಟ್ಟಿದರೆ ಕೆಂಪು ನೀರನ್ನು ಕುಡಿಯುವ ನೀರಿನ ಕಾಲುವೆಯಲ್ಲೇ ಹಾಯಿಸಿದ ಹಾಗೆ. ಆಮೇಲೆ ನೀರು ರಾಡಿ ಅಂತ ದೂರುವುದು!

ಇದನ್ನು ಕಂಡುಹಿಡಿಯಲು ಆಸಿಲೋಸ್ಕೋಪ್ ಬೇಡ, ಕಿವಿ ಸಾಕು. ಬಾಸ್ ಗಿಟಾರಿನ ಬಿಟ್ಟ ಜಿ ತಂತಿ 98 ಹರ್ಟ್ಸ್. ಸಾದಾ ಗಿಟಾರಿನಲ್ಲಿ ದಪ್ಪ ತಂತಿಯ ಮೂರನೇ ಮನೆಯೂ ಅದೇ. ಆಂಪ್ಲಿಫೈಯರಿನ ಗುಂಯ್ ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದು, ಜೇನ್ನೊಣದ ಹಾಗೆ ಗರಗರ ಅನ್ನುತ್ತಿದ್ದರೆ ಅದು 100 ಹರ್ಟ್ಸ್. ಫಿಲ್ಟರ್ ಕಂಡೆನ್ಸರ್ ಸುಸ್ತಾಗಿದೆ, ಇಲ್ಲವೇ ಸೆಂಟರ್ ಟ್ಯಾಪ್ ದಾರಿ ತಪ್ಪಿದೆ. ಅದರ ಒಂದು ಸ್ಥಾಯಿ ಕೆಳಗೆ, ಮೆತ್ತಗೆ ಹೂಂ ಅನ್ನುತ್ತಿದ್ದರೆ 50 ಹರ್ಟ್ಸ್. ಅದು ಹೀಟರ್ ವೈರಿನದ್ದೋ, ಎರಡು ಸೆಟ್ಟುಗಳ ನಡುವಿನ ಅರ್ಥ್ ಸುತ್ತಿನದ್ದೋ ಇರಬಹುದು. ತಂಬೂರಿ ಶ್ರುತಿಯಲ್ಲಿ ಎಳೆಯಷ್ಟು ವ್ಯತ್ಯಾಸ ಹಿಡಿಯುವ ನಾಡಿನವರು ನಾವು, ಐವತ್ತಕ್ಕೂ ನೂರಕ್ಕೂ ಇರುವ ಇಡೀ ಸ್ಥಾಯಿಯ ವ್ಯತ್ಯಾಸ ಕೇಳಿಸುವುದಿಲ್ಲ ಅಂದರೆ ನಾಚಿಕೆ.

ಇನ್ನು ನನ್ನ ಜೊತೆ ವಾದಕ್ಕೆ ಬರುವವರ ಮಾತು. ಮೊದಲನೆಯದು: “ಹಳೆಯ ಫೆಂಡರ್ ತೆಗೆದು ನೋಡಿ ಸಾಹೇಬರೇ, ಸೆಂಟರ್ ಟ್ಯಾಪನ್ನು ಚಾಸಿಗೇ ಹಾಕಿದ್ದಾರೆ. ಅವರಿಗಿಂತ ನೀವು ದೊಡ್ಡವರೋ?”

ಇಲ್ಲಪ್ಪ, ದೊಡ್ಡವನಲ್ಲ. ಆದರೆ ನೋಡುವುದಾದರೆ ಪೂರ್ತಿ ನೋಡಿ. ಅವರು ಸೆಂಟರ್ ಟ್ಯಾಪನ್ನು ಹಾಕಿದ್ದು ಪವರ್ ಟ್ರಾನ್ಸ್‌ಫಾರ್ಮರಿನ ತುದಿಯಲ್ಲಿ, ತಗಡಿಗೆ ದೊಡ್ಡ ಕಾವಿನಿಂದ ಸೋಲ್ಡರ್ ಮಾಡಿ. ಗಿಟಾರ್ ಜ್ಯಾಕಿನ ಕಡೆಯ ಪ್ರೀಆಂಪ್ ಜೋಡಣೆಗಳಿಗೆ ಬೇರೆಯೇ ಹಿತ್ತಾಳೆ ಪಟ್ಟಿ. ನುಗ್ಗುವ ಕರೆಂಟು ಒಂದು ಕಡೆ, ಸೂಕ್ಷ್ಮದ್ದು ಇನ್ನೊಂದು ಕಡೆ. ನಮ್ಮವರು ಅದನ್ನು ನೋಡಿ ಕಲಿತದ್ದು ‘ಚಾಸಿಗೆ ಹಾಕಬಹುದು’ ಅನ್ನುವುದನ್ನು ಮಾತ್ರ. ಎಲ್ಲಿ ಹಾಕಿದರು ಅನ್ನುವುದನ್ನಲ್ಲ. ಅಜ್ಜಿಯ ಸಾರಿನ ರುಚಿ ಬರಲಿಲ್ಲ ಅಂತ ಪಾತ್ರೆಯನ್ನು ಬೈದ ಹಾಗಾಯಿತು.

ಎರಡನೆಯದು: “ರೆಕ್ಟಿಫೈಯರ್ ವಾಲ್ವ್ ಸಿಗುವುದಿಲ್ಲ, ನಾಲ್ಕು ಡಯೋಡಿನ ಬ್ರಿಡ್ಜ್ ಹಾಕಿಬಿಟ್ಟರೆ ಸೆಂಟರ್ ಟ್ಯಾಪಿನ ಜಂಜಾಟವೇ ಇಲ್ಲ.” ಇದನ್ನು ಕೇಳಿದಾಗಲಂತೂ ನನಗೆ ಮೈ ಉರಿಯುತ್ತದೆ. ಸೆಂಟರ್ ಟ್ಯಾಪ್ ಚಾಸಿಯಲ್ಲೇ ಇದ್ದು, ಎರಡು ತುದಿಗೆ ಬ್ರಿಡ್ಜ್ ಹಾಕಿ, ಅದರ ಮೈನಸ್ಸನ್ನೂ ಚಾಸಿಗೆ ಕೊಟ್ಟರೆ ಕೆಳಗಿನ ಎರಡು ಡಯೋಡುಗಳು ಪಾಳಿಯ ಮೇಲೆ ಅರ್ಧರ್ಧ ವೈಂಡಿಂಗನ್ನು ಶಾರ್ಟ್ ಮಾಡುತ್ತವೆ. ಫ್ಯೂಸ್ ಹೋದರೆ ನಿಮ್ಮ ಪುಣ್ಯ, ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಇದ್ದರೆ ಟ್ರಾನ್ಸ್‌ಫಾರ್ಮರಿಗೆ ತಿಥಿ. ಸರಿ, ಸೆಂಟರ್ ಟ್ಯಾಪನ್ನು ಕತ್ತರಿಸಿ ಸುಮ್ಮನೆ ಬಿಟ್ಟರೆ? ಆಗ ಸಿಗುವುದು 325ರ ಲೆಕ್ಕವಲ್ಲ, ಪೂರ್ತಿ 650ರ ಲೆಕ್ಕ. ಎರಡು ಡಯೋಡಿನಲ್ಲಿ ಸುಮಾರು 460 ವೋಲ್ಟ್ ಡಿಸಿ ಬರುತ್ತಿದ್ದ ಕಡೆ 900 ದಾಟುತ್ತದೆ. 500 ವೋಲ್ಟಿನ ಕಂಡೆನ್ಸರ್ ಪಟಾಕಿಯಾಗಲು ಇನ್ನೇನು ಬೇಕು? ವಾಲ್ವ್ ಬದಲು ಡಯೋಡ್ ಹಾಕಲೇಬೇಕೆಂದರೆ ಎರಡೇ ಡಯೋಡ್ ಹಾಕಿ, ಸೆಂಟರ್ ಟ್ಯಾಪನ್ನು ಅದರ ಜಾಗದಲ್ಲೇ ಬಿಡಿ. ಆಗಲೂ ವಾಲ್ವಿನೊಳಗೆ ಬೀಳುತ್ತಿದ್ದ ಅಷ್ಟು ವೋಲ್ಟೇಜ್ ಮೇಲೇರುತ್ತದೆ, ಕಂಡೆನ್ಸರ್ ತಡೆದೀತೇ ನೋಡಿಕೊಂಡು ಹಾಕಿ.

ಮೂರನೆಯದು ಸ್ವಲ್ಪ ಓದಿಕೊಂಡವರದ್ದು: “ಸೆಂಟರ್ ಟ್ಯಾಪಿನಲ್ಲಿ ಒಂದು ಫ್ಯೂಸ್ ಹಾಕಿದ್ದೇವೆ, ಎಲ್ಲ ಸುರಕ್ಷಿತ.” ಔಟ್‌ಪುಟ್ ವಾಲ್ವ್ ಜಾಸ್ತಿ ಎಳೆದರೆ ಆ ಫ್ಯೂಸ್ ಕಾಪಾಡುತ್ತದೆ, ಒಪ್ಪಿದೆ. ಆದರೆ ಒಂದು ಡಯೋಡೇ ಶಾರ್ಟ್ ಆದರೆ? ಇನ್ನೊಂದು ಡಯೋಡಿನ ಪಾಳಿ ಬಂದಾಗ ಕರೆಂಟು ಈ ತುದಿಯಿಂದ ಆ ತುದಿಗೆ ನೇರವಾಗಿ ಸುತ್ತುತ್ತದೆ, ಸೆಂಟರ್ ಟ್ಯಾಪಿನ ಕಡೆ ಬರುವುದೇ ಇಲ್ಲ. ನಿಮ್ಮ ಫ್ಯೂಸ್ ಮದುವೆ ಮನೆಯ ದೂರದ ನೆಂಟರ ಹಾಗೆ ಸುಮ್ಮನೆ ಕೂತಿರುತ್ತದೆ. ಪ್ರೈಮರಿಯಲ್ಲಿ, ಫೇಸ್ ವೈರಿನಲ್ಲಿ, ಸರಿಯಾದ ಅಳತೆಯ ಫ್ಯೂಸ್ ಇರಲೇಬೇಕು.

ನಾಲ್ಕನೆಯದು: “ವಾಲ್ವ್ ಕಾಲ ಮುಗಿಯಿತು, ಯಾರಿಗೆ ಬೇಕು ಈ ಪುರಾಣ?” 1961ರಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ರೇಡಿಯೋ ವಾಲ್ವ್ ತಯಾರಿಸಲು ಶುರು ಮಾಡಿತು. ಜಾಲಹಳ್ಳಿಯ ಆ ವಾಲ್ವುಗಳು ಕಾಕಾನ ಅಂಗಡಿಯಲ್ಲಿ ಸಾಲಾಗಿ ಇರುತ್ತಿದ್ದವು. ಆ ಕಾಲ ಮುಗಿದದ್ದು ನಿಜ. ಆದರೆ ಗಿಟಾರ್ ಹುಡುಗರಿಗೆ ಮುಗಿದಿಲ್ಲ. ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಇಂದಿಗೂ ವಾಲ್ವ್ ತಯಾರಾಗುತ್ತಿವೆ, ಇಲ್ಲಿಯ ಹುಡುಗರು ಪಾಕೆಟ್ ಮನಿ ಉಳಿಸಿ ತರಿಸುತ್ತಾರೆ. ಮುಗಿದದ್ದು ಅದನ್ನು ಬಲ್ಲ ರಿಪೇರಿಯವರ ಪೀಳಿಗೆ. ಸೆಟ್ ಉಳಿಯಿತು, ವಿದ್ಯೆ ಹೋಯಿತು. ಅಪಾಯ ಇರುವುದು ಇಲ್ಲೇ.

ಈಗ ಕತ್ತರಿಸಿದ ಆ ಹಸಿರು ವೈರಿನ ಮಾತು. ಅದನ್ನು ಕತ್ತರಿಸಿದರೆ ಗುಂಯ್ ಅರ್ಧ ಯಾಕೆ ಕಡಿಮೆಯಾಯಿತು? ಹುಡುಗರು ಆಂಪ್ಲಿಫೈಯರಿನ ಲೈನ್ ಔಟಿನಿಂದ ಮಿಕ್ಸರಿಗೆ ಒಂದು ಕೇಬಲ್ ಎಳೆದಿದ್ದರು. ಆಂಪ್ಲಿಫೈಯರಿಗೆ ಒಂದು ಅರ್ಥ್, ಮಿಕ್ಸರಿಗೆ ಒಂದು ಅರ್ಥ್, ನಡುವೆ ಕೇಬಲ್ಲಿನ ಜಾಳಿಗೆ. ಸುತ್ತು ಪೂರ್ತಿಯಾಗಿ ಅದರಲ್ಲಿ 50 ಹರ್ಟ್ಸ್ ಹರಿಯುತ್ತಿತ್ತು. ಹಸಿರು ವೈರು ಕತ್ತರಿಸಿದ ಕೂಡಲೇ ಸುತ್ತು ಕಡಿಯಿತು. ಅದೇ ಕ್ಷಣದಿಂದ ಆ ಸೆಟ್ಟಿಗೆ ಉಳಿದ ಅರ್ಥ್ ಅಂದರೆ ಮಿಕ್ಸರಿನ ಕೇಬಲ್ಲಿನ ಆ ತೆಳ್ಳನೆಯ ಜಾಳಿಗೆ ಒಂದೇ. ಒಂದು ದಿನ ಆ ಕೇಬಲ್ಲನ್ನೂ ತೆಗೆದರು. ಆವತ್ತೇ ಚುರ್ ಅಂದದ್ದು. ಟ್ರಾನ್ಸ್‌ಫಾರ್ಮರಿನಿಂದ ಸಹಜವಾಗಿ ಸೋರುವ ಚೂರುಪಾರು ಕರೆಂಟು ಹೋಗಲು ದಾರಿ ಹುಡುಕುತ್ತಿತ್ತು. ಚಾಸಿ, ಗಿಟಾರ್ ತಂತಿ, ಬೆರಳು, ಎದೆ, ತುಟಿ, ಮೈಕು... ದಾರಿ ಸಿಕ್ಕಿತು. ಇವತ್ತು ಚೂರುಪಾರು. ನಾಳೆ ಪ್ರೈಮರಿಯ ಇನ್ಸುಲೇಶನ್ ಸುಟ್ಟು ಚಾಸಿಗೆ ತಾಗಿದರೆ ಪೂರ್ತಿ 230 ವೋಲ್ಟ್, ಅದೇ ದಾರಿಯಲ್ಲಿ.

ಇದು ನಾನು ಹೆದರಿಸಲು ಕಟ್ಟಿದ ಕಥೆಯಲ್ಲ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಗಿಟಾರ್ ಹಿಡಿದು ಸರಿಯಾಗಿ ಅರ್ಥ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಪ್ರಾಣ ಬಿಟ್ಟ. 1976ರ ಮೇನಲ್ಲಿ ಯಾರ್ಡ್‌ಬರ್ಡ್ಸ್ ತಂಡದ ಹಾಡುಗಾರನಾಗಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲೇ ಅರ್ಥ್ ಸರಿಯಿಲ್ಲದ ಎಲೆಕ್ಟ್ರಿಕ್ ಗಿಟಾರ್ ನುಡಿಸುವಾಗ ಶಾಕ್ ಹೊಡೆದು ಸತ್ತ. ಅಷ್ಟು ದೂರ ಯಾಕೆ, ದಾರಿ ಮುಚ್ಚಿದರೆ ಏನಾಗುತ್ತದೆಂದು ಕಾತ್ರಜದವರಿಗೆ ಹೇಳಿಕೊಡಬೇಕೆ? 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ ಓಢಾ ಉಕ್ಕಿ ಜನರ ಮನೆಯೊಳಗೆ ನುಗ್ಗಿದ್ದು ನಾವು ಕಣ್ಣಾರೆ ಕಂಡದ್ದು. ಹಳ್ಳದ ದಾರಿ ನಾವು ಕಸಿದುಕೊಂಡರೆ ಅದು ನಮ್ಮ ಅಂಗಳವನ್ನು ದಾರಿ ಮಾಡಿಕೊಳ್ಳುತ್ತದೆ. ಕರೆಂಟೂ ಹಾಗೇ.

“ಮನೆಯಲ್ಲಿ ಆರ್‌ಸಿಸಿಬಿ ಇದೆ” ಅನ್ನುವವರಿಗೂ ಒಂದು ಮಾತು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಖಂಡಿತ ಬೇಕು. ಹಸಿರು ವೈರು ಇದ್ದರೆ ಚಾಸಿಗೆ ಕರೆಂಟು ತಾಗಿದ ಕೂಡಲೇ ಅದು ಬೀಳುತ್ತದೆ. ಹಸಿರು ವೈರು ಇಲ್ಲದಿದ್ದರೆ ನೀವು ಮುಟ್ಟಿ, ನಿಮ್ಮ ಮೂಲಕ ಹರಿದ ಮೇಲಷ್ಟೇ ಬೀಳಬೇಕು. ಇನ್ನು ಒಳಗಿನ 460 ವೋಲ್ಟ್ ಇದೆಯಲ್ಲ, ಅದು ಟ್ರಾನ್ಸ್‌ಫಾರ್ಮರಿನ ಆಚೆ ಬದಿಯದ್ದು. ಅದನ್ನು ನೀವು ಮುಟ್ಟಿದರೆ ಗೋಡೆಯ ಆರ್‌ಸಿಸಿಬಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡದೇನಲ್ಲ. ಸೆಟ್ ಬಿಚ್ಚುವ ಮೊದಲು ಪ್ಲಗ್ ಕಿತ್ತು ಒಂದೆರಡು ನಿಮಿಷ ಕಾಯಿರಿ. ಮೊದಲ ಕಂಡೆನ್ಸರಿನ ಮೇಲೆ ಮೀಟರ್ ಇಟ್ಟು ವೋಲ್ಟೇಜ್ ಇಳಿದಿದೆಯೇ ನೋಡಿ, ಇಳಿದಿಲ್ಲವಾದರೆ ರೆಸಿಸ್ಟರ್ ಮೂಲಕ ಇಳಿಸಿ. 220 ಕಿಲೋಓಮಿನ, 2 ಅಥವಾ 3 ವ್ಯಾಟಿನ, ಆ ವೋಲ್ಟೇಜ್ ತಾಳುವ ರೆಸಿಸ್ಟರ್ ಒಂದನ್ನು ಕಂಡೆನ್ಸರಿಗೆ ಅಡ್ಡಲಾಗಿ ಖಾಯಂ ಹಾಕಿಬಿಟ್ಟರೆ ಮುಂದಿನ ಸಲ ಬಿಚ್ಚುವವನು ನಿಮಗೆ ಕೈಮುಗಿಯುತ್ತಾನೆ. ಸೆಂಟರ್ ಟ್ಯಾಪ್ ಯಾವುದೆಂದು ಬಣ್ಣ ನೋಡಿ ನಂಬಬೇಡಿ, ಓಮ್ ಮೀಟರಿನಲ್ಲಿ ಅಳೆಯಿರಿ. ಎರಡು ಕಡೆಗೂ ಹೆಚ್ಚುಕಮ್ಮಿ ಒಂದೇ ಬರಬೇಕು. ಹೊರಗಿನ ಅರ್ಧದ ಸುತ್ತು ಉದ್ದ, ಹಾಗಾಗಿ ಅದು ನಾಲ್ಕಾರು ಓಮ್ ಹೆಚ್ಚು ತೋರಿಸಿದರೆ ಗಾಬರಿ ಬೇಡ. ಸೆಂಟರ್ ಟ್ಯಾಪನ್ನು ಮೊದಲ ಕಂಡೆನ್ಸರಿನ ಮೈನಸ್ಸಿಗೆ ತನ್ನದೇ ವೈರಿನಲ್ಲಿ ಕೊಡಿ. ಅಲ್ಲಿಂದ ಮುಂದಿನ ಕಂಡೆನ್ಸರುಗಳಿಗೆ, ಪ್ರೀಆಂಪಿಗೆ ಸಾಲಾಗಿ ಹೋಗಿ, ಕೊನೆಗೆ ಗಿಟಾರ್ ಜ್ಯಾಕಿನ ಹತ್ತಿರ ಒಂದೇ ಕಡೆ ಚಾಸಿಗೆ ಜೋಡಿಸಿ. ಹಸಿರು ವೈರಿಗೆ ಅದರದ್ದೇ ಬೋಲ್ಟು, ಬಣ್ಣ ಕೆರೆದು, ಹಲ್ಲಿನ ವಾಶರ್ ಹಾಕಿ. ಟ್ರಾನ್ಸ್‌ಫಾರ್ಮರ್ ಬೋಲ್ಟಿನಲ್ಲಿ ಪಾಲು ಬೇಡ. ವೈರನ್ನು ಸ್ವಲ್ಪ ಉದ್ದ ಬಿಡಿ, ಯಾರಾದರೂ ಎಳೆದರೆ ಅದು ಕೊನೆಗೆ ಕಿತ್ತುಬರಲಿ. ಮಿಕ್ಸರಿನ ಜೊತೆ ಸುತ್ತಿನ ತೊಂದರೆ ಇದ್ದರೆ ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ತಂದು ಸಿಗ್ನಲಿನ ಕಡೆ ಕಡಿಯಿರಿ. ಕರೆಂಟಿನ ಕಡೆ ಅಲ್ಲ. ಇದೆಲ್ಲ ಕೈಗೆ ಬರುವುದಿಲ್ಲ ಅಂತಿದ್ದರೆ ಬಲ್ಲವರ ಹತ್ತಿರ ಒಯ್ಯಿರಿ, ಅವರ ಮುಂದೆ ನಿಂತು ಹಸಿರು ವೈರು ಎಲ್ಲಿದೆ ಅಂತ ಕೇಳಿ.

ಅಳಿಯನ ಸೆಟ್ಟಿನಲ್ಲಿ ನಾನು ಮಾಡಿದ್ದಿಷ್ಟೇ. ಸೆಂಟರ್ ಟ್ಯಾಪನ್ನು ಬೋಲ್ಟಿನಿಂದ ಬಿಚ್ಚಿದೆ, ಕಂಡೆನ್ಸರಿನ ಮೈನಸ್ಸನ್ನು ಜ್ಯಾಕಿನ ಪಕ್ಕದಿಂದ ಎಬ್ಬಿಸಿ ಎರಡನ್ನೂ ಒಂದುಗೂಡಿಸಿದೆ, ಮೂರು ಪಿನ್ನಿನ ಪ್ಲಗ್ ಹಾಕಿದೆ. ಒಂದು ಗೇಣು ವೈರು, ಎಪ್ಪತ್ತು ರೂಪಾಯಿಯ ಪ್ಲಗ್. ಆನ್ ಮಾಡಿ ವಾಲ್ವ್ ಕೆಂಪಾಗುವ ತನಕ ಕಾದೆವು. ಹುಡುಗ ವಾಲ್ಯೂಮ್ ಏರಿಸಿದ. ಮತ್ತೆ ಏರಿಸಿದ.

“ಮಾಮಾ, ಆನ್ ಆಗೇತಿಲ್ರೀ?”

“ತಂತಿ ಮೀಟಿ ನೋಡಪ್ಪ.”

ಮೀಟಿದ. ಕೆಳಗಿನ ಮನೆಯ ಆಜ್ಜಿ ಬಾಗಿಲು ತೆಗೆದು ಮೇಲೆ ನೋಡಿದರು.

ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಗಿಟಾರ್ ಹಿಡಿದ ಹುಡುಗ ಹುಡುಗಿಯರಿದ್ದರೆ ಇವತ್ತೇ ಹೋಗಿ ಅವರ ಆಂಪ್ಲಿಫೈಯರಿನ ಪ್ಲಗ್ ನೋಡಿ. ಎರಡೇ ಪಿನ್ ಇದ್ದು, ಹಸಿರು ವೈರು ಕತ್ತರಿಸಿದ್ದರೆ ಅವರು ಬೇಜಾರಾದರೂ ಪರವಾಗಿಲ್ಲ, ಕಿತ್ತು ಪಕ್ಕಕ್ಕಿಡಿ. ಯಾರಾದರೂ “ಸುಮ್ಮನೆ ಬಾಡಿಗೆ ಕೊಡ್ರಿ” ಅಂದರೆ, ಮನೆ ಬೇಕಾದರೆ ಕೊಡುತ್ತೇನೆ, ಸೆಂಟರ್ ಟ್ಯಾಪ್ ಕೊಡುವುದಿಲ್ಲ ಅನ್ನಿ.